ಹೇನು ಮಾತ್ರ, ಕತ್ತರಿ ಇಲ್ಲ

ದಿನಕ್ಕೆ ಎಷ್ಟು ತಲೆ ಮುಟ್ಟುತ್ತೇನೋ ನನಗೇ ಲೆಕ್ಕವಿಲ್ಲ. ಉದುರಿ ಉದುರಿ ತೆಳ್ಳಗಾದ ತಲೆ, ಬಣ್ಣ ಹಚ್ಚಿ ಹಚ್ಚಿ ಒಣಹುಲ್ಲಾದ ತಲೆ, ಮದುವೆಗೆ ಹೊರಟ ತಲೆ, ಗಂಡನ ಜೊತೆ ಜಗಳ ಮಾಡಿಕೊಂಡು ಬಂದು "ಎಲ್ಲಾ ಕತ್ತರಿಸಿಬಿಡಿ" ಎನ್ನುವ ತಲೆ. ಎಲ್ಲರೂ ನನ್ನ ಕುರ್ಚಿಯಲ್ಲಿ ಕೂತು, ಕುತ್ತಿಗೆ ಬಗ್ಗಿಸಿ, ತಲೆಯನ್ನು ನನ್ನ ಕೈಗೆ ಒಪ್ಪಿಸಿಬಿಡುತ್ತಾರೆ. ಅಂಥ ನನಗೆ, ನನ್ನ ಮನೆಯಲ್ಲೇ ಓಡಾಡುವ ಒಂದು ತಲೆಯನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ನಾನೇ ಹೆತ್ತ ತಲೆ ಅದು. ಹೇಳಿದರೆ ನಗುತ್ತೀರಿ.

ನನ್ನದು ಎರಡು ಕುರ್ಚಿಯ ಪಾರ್ಲರ್. ಬಸ್ ನಿಲ್ದಾಣದ ಎದುರಿಗೆ, ಔಷಧಿ ಅಂಗಡಿಗೂ ಚಪ್ಪಲಿ ರಿಪೇರಿಯವನ ಗೂಡಿಗೂ ನಡುವೆ. ಒಂದು ಕುರ್ಚಿ ನನ್ನದು. ಇನ್ನೊಂದರ ಹಿಂದೆ ನಿಂತು ಕೆಲಸ ಮಾಡುವವಳನ್ನು ಬರುವವರೆಲ್ಲ "ಎರಡನೇ ಕುರ್ಚಿ" ಎಂದೇ ಕರೆಯುತ್ತಾರೆ. ಅವಳಿಗೇನೂ ಬೇಸರವಿಲ್ಲ. "ಮೊದಲನೇ ಕುರ್ಚಿಗೆ ಬಾಯಿ ಜಾಸ್ತಿ, ನನಗೆ ಎರಡನೆಯದೇ ವಾಸಿ" ಎನ್ನುತ್ತಾಳೆ. ಮೂಲೆಯಲ್ಲಿ ಒಂದು ಹಲಗೆ ಇದೆ. ಸಣ್ಣ ಮಕ್ಕಳು ಬಂದರೆ ಅದನ್ನು ಕುರ್ಚಿಯ ಕೈಗಳ ಮೇಲೆ ಅಡ್ಡಲಾಗಿ ಇಟ್ಟು ಕೂರಿಸುತ್ತೇವೆ. ಆ ಹಲಗೆಯ ಮೇಲೆ ಮೊಟ್ಟಮೊದಲು ಕೂತವಳು ನನ್ನ ಮಗಳು. ಒಣಗಿದ ಕಡ್ಡಿಯ ಹಾಗಿದ್ದಳು, ಹಾಗಾಗಿ ಕಡ್ಡಿ ಎಂದೇ ಹೆಸರು ನಿಂತುಬಿಟ್ಟಿತು. ಕಾಲು ತೂಗಾಡಿಸುತ್ತ ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡು ಇಡೀ ಶಾಲೆಯ ಸುದ್ದಿ ಹೇಳುತ್ತಿದ್ದಳು. ಯಾರು ಯಾರ ಪೆನ್ಸಿಲ್ ಕದ್ದರು, ಟೀಚರಿಗೆ ಯಾಕೆ ಕೋಪ ಬಂತು, ಎಲ್ಲ.

ಈ ಕೆಲಸದಲ್ಲಿ ನಾನು ಕಲಿತದ್ದು ಇದು. ಎದುರಿಗೆ ಕೂರಿಸಿಕೊಂಡು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಹಿಂದೆ ನಿಂತು ತಲೆಗೆ ಕೈ ಹಾಕಿದರೆ, ಕನ್ನಡಿಯನ್ನು ನೋಡಿಕೊಂಡು ಹೊಟ್ಟೆಯಲ್ಲಿರುವುದನ್ನೆಲ್ಲ ಹೇಳುತ್ತಾರೆ. ಇನ್ನೊಂದು, ಅಂಗಡಿಯ ಕಾನೂನು. ಹೇನಿನ ತಲೆ ಹೊಸ್ತಿಲು ದಾಟಬಾರದು. ಒಂದು ಹೇನು ಒಳಗೆ ಬಂದರೆ ಟವೆಲ್ಲು, ಬಾಚಣಿಗೆ, ಕುರ್ಚಿ, ಗಿರಾಕಿ, ಎಲ್ಲಾ ಹಾಳು. ಒಮ್ಮೆ ಕಾರಿನಿಂದ ಇಳಿದು ಬಂದ ದೊಡ್ಡ ಮನುಷ್ಯರ ಮಗಳನ್ನೂ ಬಾಗಿಲಲ್ಲೇ ನಿಲ್ಲಿಸಿ ಪಕ್ಕದ ಔಷಧಿ ಅಂಗಡಿ ತೋರಿಸಿದವಳು ನಾನು. ಕಡ್ಡಿ ಆಗ ಹಲಗೆಯ ಮೇಲೆ ಕೂತು ಕಿಲಕಿಲ ನಗುತ್ತಿದ್ದಳು.

ಅವಳ ಕೂದಲು ಹೇಗಿತ್ತು ಅಂತ ಹೇಳಲೇ? ಬೇಡ, ಹೇಳಿದರೆ ನನ್ನ ದೃಷ್ಟಿಯೇ ತಾಗೀತು ಎನ್ನುವಷ್ಟು ಚೆನ್ನಾಗಿತ್ತು. ಸೊಂಟ ದಾಟಿತ್ತು. ದಿನಾ ಬೆಳಿಗ್ಗೆ ನಾನೇ ಬಾಚಿ ಜಡೆ ಹೆಣೆಯುತ್ತಿದ್ದೆ. ಬಿಚ್ಚಿದ ಕೂದಲನ್ನು ಹಿಂದಿನಿಂದ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಅಂಗಡಿಯ ಗಾಜಿಗೆ ಅಂಟಿಸಿದ್ದೆ. "ಇದು ಯಾವ ಶಾಂಪೂ?" ಎಂದು ಕೇಳಿಕೊಂಡು ಒಳಗೆ ಬಂದವರು ಎಷ್ಟೋ ಜನ. "ಶಾಂಪೂ ಅಲ್ಲ, ನನ್ನ ಮಗಳು" ಎನ್ನುವಾಗ ನನಗೆ ನೆಲ ಕಾಣುತ್ತಿರಲಿಲ್ಲ.

ಹದಿನಾಲ್ಕು ದಾಟಿದ ಮೇಲೆ ಒಂದು ದಿನ ಬಂದು, "ಅಮ್ಮ, ಆ ಫೋಟೋ ತೆಗಿ" ಎಂದಳು.

"ಯಾಕೆ? ಮುಖ ಎಲ್ಲಿ ಕಾಣತ್ತೆ ಅದರಲ್ಲಿ?"

"ಎಲ್ಲರಿಗೂ ಗೊತ್ತು ನಾನೇ ಅಂತ."

"ಗೊತ್ತಾಗ್ಲಿ ಬಿಡು. ಪುಕ್ಕಟೆ ಫೇಮಸ್ ಆಗ್ತೀಯ" ಎಂದು ನಕ್ಕೆ. ಎರಡನೇ ಕುರ್ಚಿಯೂ ನಕ್ಕಳು. ಕಡ್ಡಿ ನಗಲಿಲ್ಲ. ಆಮೇಲೂ ಅದೇ ಮಾತನ್ನು ಅವಳು ತೆಗೆದಳು, ನಾನೂ ಅದೇ ನಗೆ ನಕ್ಕೆ. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದು ನಾನು.

ಹದಿನೈದು ತುಂಬಿದ ವಾರವೇ ಇರಬೇಕು. ಶಾಲೆಯಿಂದ ಬಂದವಳು ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಜಡೆ ಕೈಯಲ್ಲಿತ್ತು, ತಲೆಯಲ್ಲಿ ಇರಲಿಲ್ಲ.

ಅದನ್ನು ತಂದು ಊಟದ ಮೇಜಿನ ಮೇಲೆ ಇಟ್ಟಳು. "ತಗೋ. ಇದನ್ನೂ ಗಾಜಿಗೆ ಹಾಕ್ಕೋ."

ನನ್ನ ಬಾಯಿಂದ ಮೊದಲು ಬಂದ ಮಾತು ಏನು ಗೊತ್ತೇ? "ಯಾವ ಕತ್ತರಿಯಲ್ಲಿ ಕತ್ತರಿಸಿದೆ?" ಅಂತ. ಅವಳು ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿಯನ್ನು ಎತ್ತಿ ತೋರಿಸಿದಳು. ಅಯ್ಯೋ! ಮನೆ ತುಂಬ ಒಳ್ಳೊಳ್ಳೆ ಕತ್ತರಿ ಇರುವಾಗ ಹಾಲಿನ ಪ್ಯಾಕೆಟ್ ಕತ್ತರಿ! ನಾನು ಅರಚಿದ ಅರಚಾಟಕ್ಕೆ ಮೇಲಿನ ಮನೆಯವರು ಇಣುಕಿ ನೋಡಿದರು.

"ಯಾಕೆ ಅಂತ ಕೇಳಲ್ವಾ?" ಎಂದಳು.

"ಏನು ಕೇಳೋದು ತಲೆಹರಟೆ! ಇಷ್ಟು ವರ್ಷ ಸಾಕಿದ್ದು ಯಾರು ಅದನ್ನ?"

"ಅದು ನನ್ನ ತಲೆ."

"ನಿನ್ನ ತಲೆ ಎಲ್ಲಿಂದ ಬಂತು ಗೊತ್ತಾ?"

"ಗೊತ್ತು. ಸೈನ್ಸ್ ಪುಸ್ತಕದಲ್ಲಿ ಇದೆ."

ಇವಳ ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಮನೆಯ ಜಗಳದಲ್ಲೂ ಎರಡು ಮಹಡಿಗಳ ನಡುವೆಯೇ ನಿಂತುಬಿಡುತ್ತಾರೆ. ಅತ್ತ ಮೇಲೂ ಹೋಗುವುದಿಲ್ಲ, ಇತ್ತ ಕೆಳಗೂ ಬರುವುದಿಲ್ಲ. ಆವತ್ತೂ ತಟ್ಟೆ ಹಿಡಿದು ನಿಂತೇ, "ಬೆಳೆಯತ್ತೆ ಬಿಡು" ಎಂದರು. ಕೂದಲಿಗೆ ಹೇಳಿದರೋ ಮಗಳಿಗೆ ಹೇಳಿದರೋ ಅವರಿಗೇ ಗೊತ್ತು.

"ಬಾ, ಸರಿಮಾಡಿ ಕೊಡ್ತೀನಿ" ಎಂದು ನಾನು ಕೈ ಚಾಚಿದೆ. ಅವಳು ಹಿಂದಕ್ಕೆ ಸರಿದಳು. "ಮುಟ್ಟಬೇಡ. ಇನ್ಮೇಲೆ ನನ್ನ ತಲೆ ಮುಟ್ಟಬೇಡ." ಕಡ್ಡಿ ಮುರಿದ ಹಾಗೆ ಹೇಳಿ ಕೋಣೆಗೆ ಹೋದಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಆ ಚಿಲಕ ಅಷ್ಟು ವರ್ಷ ಅಲ್ಲಿತ್ತು ಅಂತಲೇ ನನಗೆ ನೆನಪಿರಲಿಲ್ಲ.

ಆಮೇಲಿನ ತಿಂಗಳುಗಳು ಹೇಗೆ ಕಳೆದವು ಅಂದರೆ, ಒಂದೇ ಮನೆಯಲ್ಲಿದ್ದುಕೊಂಡು ಪಕ್ಕದ ಮನೆಯವರ ಹಾಗಿದ್ದೆವು. ನಾನು ಎಡ ಅಂದರೆ ಅವಳು ಬಲ. ಊಟಕ್ಕೆ ಬಾ ಎಂದರೆ ಹಸಿವಿಲ್ಲ, ಸುಮ್ಮನಿದ್ದರೆ "ಊಟ ಇಲ್ವಾ ಈ ಮನೇಲಿ?" ಶೂ ಒಳಗೆ ಬಿಡಬೇಡ ಎಂದರೆ ಸೋಫಾದ ಮೇಲೆ ಬಿಡುವಳು. ಮಾತಿಗೆ ಮಾತು, ಅದೂ ನನ್ನದಕ್ಕಿಂತ ಒಂದು ಹೆಚ್ಚು. ಯಾರನ್ನು ಹೋಲುತ್ತಾಳೋ ಎಂದು ಗೊಣಗಿದರೆ ಇವರು ನನ್ನ ಕಡೆ ನೋಡಿ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ಅವಳ ಎದುರುತ್ತರ ನನಗೆ ದೊಡ್ಡದಲ್ಲ. ನಾನೂ ಅಂಥ ಬಾಯಿಯವಳೇ. ಸಹಿಸಲಾಗದೇ ಇದ್ದದ್ದು ಆ ಕುತ್ತಿಗೆ. ಕೂದಲು ಬೆಳೆದಂತೆಲ್ಲ ಅವಳೇ ಕನ್ನಡಿ ಮುಂದೆ ನಿಂತು ಕತ್ತರಿಸಿಕೊಳ್ಳುತ್ತಿದ್ದಳು. ಮುಂದಿನದು ಕಾಣುತ್ತದೆ, ಹಿಂದಿನದು ಕಾಣಬೇಕಲ್ಲ? ಎಡಗಡೆ ಮೇಲೆ, ಬಲಗಡೆ ಕೆಳಗೆ, ಕುತ್ತಿಗೆಯ ಕುಳಿಯಲ್ಲಿ ಇಲಿಬಾಲದ ಹಾಗೆ ಒಂದು ಎಳೆ ಇಳಿಬಿದ್ದಿರುತ್ತಿತ್ತು. ಅವಳು ಊಟಕ್ಕೆ ಬಗ್ಗಿದಾಗ ನನ್ನ ಕಣ್ಣು ತಟ್ಟೆಯ ಮೇಲೆ ನಿಲ್ಲುತ್ತಿರಲಿಲ್ಲ, ಆ ಬಾಲದ ಮೇಲೆಯೇ. ಕೈ ತುರಿಸುತ್ತಿತ್ತು. ಸರಿಮಾಡುವ ಆಸೆಯೊಂದೇ ಅಲ್ಲ ಅದು. ಆ ಕುಳಿಗೆ ಮೂಗಿಟ್ಟು ಮಲಗಿಸಿದ ತಾಯಿ ನಾನು. ದಿನವಿಡೀ ಊರಿನವರ ತಲೆ ತೊಳೆದು ಮನೆಗೆ ಬರುತ್ತಿದ್ದೆ, ಇವಳ ತಲೆ ಎಟುಕುವಷ್ಟು ದೂರದಲ್ಲೇ ಇರುತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಆ ತಲೆ ನನ್ನ ಕೈಗೆ ಸಿಕ್ಕರೆ ಸಾಕು ಎಂದು ಜೀವ ಒದ್ದಾಡುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವಳು ಪುಸ್ತಕ ಓದುತ್ತ ಓದುತ್ತ ಸೋಫಾದ ಮೇಲೆ ಬೋರಲಾಗಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಎಚ್ಚರವಿದ್ದಾಗ ಮುಖದಲ್ಲಿರುವ ಆ ಗಂಟು ಇರಲಿಲ್ಲ. ನಾನು ನೆಲದ ಮೇಲೆ ಕೂತು ನೋಡುತ್ತಲೇ ಇದ್ದೆ. ಮುಟ್ಟಬಾರದು ಎಂದು ಕೈ ಕಟ್ಟಿಕೊಂಡೇ ಕೂತಿದ್ದೆ. ಆದರೆ ಆ ಇಲಿಬಾಲ ಕಣ್ಣ ಮುಂದೆಯೇ, ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಎದ್ದು ಹೋಗಿ ಚೀಲದಿಂದ ನನ್ನ ಸಣ್ಣ ಕತ್ತರಿ ತಂದೆ. ತಲೆಗೆ ಬೆರಳು ಸಹ ತಾಗಿಸಲಿಲ್ಲ. ಸದ್ದೇ ಆಗದ ಹಾಗೆ, ಒಂದು ಸಲ. ಅಷ್ಟೇ. ಬಿದ್ದ ಎಳೆಯನ್ನು ಸೆರಗಿನಿಂದ ಒರೆಸಿ ತೆಗೆದೆ. ಕುತ್ತಿಗೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಕಳ್ಳಿಯ ಹಾಗೆ ಖುಷಿಪಟ್ಟೆ.

ಸಂಜೆ ಅವಳು ಮೇಜಿನ ಮುಂದೆ ಲೆಕ್ಕ ಮಾಡಲು ಕೂತಳು. ಎಡಗೈ ತನ್ನಷ್ಟಕ್ಕೆ ಕುತ್ತಿಗೆಯ ಹಿಂದೆ ಹೋಯಿತು. ಬೆರಳುಗಳು ಅಲ್ಲಿ ಏನನ್ನೋ ಹುಡುಕಿದವು. ಮೇಲೆ ಹುಡುಕಿದವು, ಕೆಳಗೆ ಹುಡುಕಿದವು. ಪೆನ್ಸಿಲ್ ನಿಂತಿತು. ತಿರುಗಿ ನನ್ನನ್ನು ನೋಡಿದಳು.

"ಸ್ವಲ್ಪವೇ... ಸೊಟ್ಟ ಇತ್ತು ಕಣೇ" ಎಂದೆ.

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಟಕ್ಕೆ ನನ್ನ ಹತ್ತಿರ ಉತ್ತರ ಇರುತ್ತಿತ್ತು. ಅವಳು ಪುಸ್ತಕ ಮುಚ್ಚಿ, "ನಾನು ನಿದ್ದೆ ಮಾಡ್ತಿದ್ದೆ ಅಮ್ಮ" ಎಂದಳು. ಅಷ್ಟೇ ಹೇಳಿದ್ದು.

ಅವಳು ಕೋಣೆಗೆ ಹೋದ ಮೇಲೆ ಇವರು ಮೊದಲ ಸಲ ಮಹಡಿಗಳ ನಡುವಿನಿಂದ ಕೆಳಗಿಳಿದು ಬಂದರು. "ಅದನ್ನ ಅವಳು ಬೇಕು ಅಂತಲೇ ಬಿಟ್ಕೊಂಡಿದ್ದಳು. ಓದುವಾಗ, ಭಯ ಆದಾಗ, ಬೆರಳಿಗೆ ಸುತ್ಕೊಂಡು ತಿರುವ್ತಾ ಇರ್ತಾಳೆ. ನೀನು ನೋಡಿಲ್ವಾ?"

ನೋಡಿರಲಿಲ್ಲ. ಮಗುವಾಗಿದ್ದಾಗ ಅವಳು ನಿದ್ದೆ ಹೋಗುತ್ತಿದ್ದದ್ದು ನನ್ನ ಜಡೆಯ ತುದಿಯನ್ನು ಬೆರಳಿಗೆ ಸುತ್ತಿ ತಿರುವುತ್ತಲೇ. ಅದಿಲ್ಲದೆ ಕಣ್ಣು ಮುಚ್ಚುತ್ತಿರಲಿಲ್ಲ. ನನ್ನ ಜಡೆ ಎಂದೋ ಸಣ್ಣದಾಯಿತು, ಅವಳು ದೊಡ್ಡವಳಾದಳು, ನಾನು ಮರೆತೆ. ಅವಳ ಬೆರಳು ಮರೆತಿರಲಿಲ್ಲ. ದಿನವಿಡೀ ಕೂದಲನ್ನೇ ನೋಡುವ ನನ್ನ ಕಣ್ಣಿಗೆ ಸೊಟ್ಟ ಒಂದೇ ಕಂಡಿತ್ತು.

ಮಾರನೇ ದಿನ ನಾದಿನಿಯಿಂದ ಫೋನು. "ಅತ್ತಿಗೆ, ಕಡ್ಡಿ ಪರೀಕ್ಷೆ ಮುಗಿಯೋವರೆಗೂ ಇಲ್ಲಿಗೆ ಬಂದು ಇರ್ತೀನಿ ಅಂತ ಫೋನ್ ಮಾಡಿದ್ಲು. ಇರ್ಲಿ ಬಿಡಿ, ನಿಮಗೂ ಸ್ವಲ್ಪ ಆರಾಮ." ಆರಾಮವಂತೆ! ಇವರೇ ಬಟ್ಟೆಯ ಚೀಲ ಹೊತ್ತುಕೊಂಡು ಹೋಗಿ ಬಿಟ್ಟು ಬಂದರು. ಹೊರಡುವಾಗ ಅವಳು ಶೂ ಹಾಕಿಕೊಳ್ಳಲು ಬಗ್ಗಿದಳು. ನಾನು ಆ ಕುತ್ತಿಗೆ ನೋಡಲಾರದೆ ಅಡುಗೆಮನೆಗೆ ಹೋದೆ.

ಮನೆ ಬಿಕೋ ಎಂದಿತು. ಸೋಫಾದ ಮೇಲೆ ಶೂ ಇಲ್ಲ, ಬಾಗಿಲು ದಢಾರ್ ಎನ್ನುವುದಿಲ್ಲ, ಯಾರೂ ನನ್ನ ಮಾತಿಗೆ ಉತ್ತರ ಕೊಡುವುದಿಲ್ಲ. ಬೈಯಲು ಬಾಯಿ ತೆರೆದು ಹಾಗೇ ಮುಚ್ಚಿಕೊಳ್ಳುತ್ತಿದ್ದೆ. ಒಂದು ದಿನ ಬಚ್ಚಲು ತೊಳೆಯುತ್ತಿದ್ದೆ. ನೀರು ಹೋಗುವ ಜಾಲರಿಯಲ್ಲಿ ಅವಳ ಕೂದಲು ಸಿಕ್ಕಿಕೊಂಡಿರುತ್ತದೆಂದು ನಾನು ಕೂಗಾಡದ ವಾರವಿರಲಿಲ್ಲ. ಆವತ್ತು ಜಾಲರಿ ಎತ್ತಿ ನೋಡಿದರೆ ಏನೂ ಇರಲಿಲ್ಲ, ತೊಳೆದಿಟ್ಟ ಹಾಗಿತ್ತು. ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತೆ. ಯಾಕೆ ಅಳುತ್ತೀ ಎಂದು ಇವರು ಕೇಳಿದರೆ ಏನು ಹೇಳಲಿ? ಜಾಲರಿ ಖಾಲಿ ಇದೆ ಅಂತಲೇ?

ನಾದಿನಿಯ ಮನೆಗೆ ಹೋಗುವ ಬಸ್ಸು ನನ್ನ ಅಂಗಡಿಯ ಎದುರಿಗೇ ನಿಲ್ಲುತ್ತದೆ. ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಅದರಲ್ಲಿ ಬರುತ್ತಿದ್ದಳು, ಕಿಟಕಿಯ ಪಕ್ಕ. ಆ ಹೊತ್ತಿಗೆ ಸರಿಯಾಗಿ ನನಗೆ ಗಾಜು ಒರೆಸುವ ಕೆಲಸ ಬಂದುಬಿಡುತ್ತಿತ್ತು. ಬಟ್ಟೆ ಹಿಡಿದು ಫೋಟೋದ ಅಂಚಿನಿಂದ ಇಣುಕುತ್ತಿದ್ದೆ. ಅವಳು ಈ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಬಸ್ಸು ಹೊರಟ ಮೇಲೂ ನಾನು ಒರೆಸುತ್ತಲೇ ಇರುತ್ತಿದ್ದೆ.

"ಅಕ್ಕ, ಗಾಜು ಸವೆದು ಹೋಗತ್ತೆ" ಎಂದಳು ಎರಡನೇ ಕುರ್ಚಿ ಒಂದು ಸಂಜೆ.

"ನಿನ್ನ ಕೆಲಸ ನೋಡ್ಕೋ."

ಅವಳು ಡ್ರೈಯರ್ ಆರಿಸಿದಳು. ಗಿರಾಕಿಗಳು ಯಾರೂ ಇರಲಿಲ್ಲ. "ಬೈದ್ರೂ ಪರವಾಗಿಲ್ಲ, ಹೇಳ್ತೀನಿ. ಅವಳು ಈ ಕಡೆ ತಿರುಗಿದ್ರೆ ಏನು ಕಾಣ್ಬೇಕು ಅವಳಿಗೆ? ನೀವು ಕಾಣಲ್ಲ. ಅದು ಕಾಣತ್ತೆ. ಅವಳು ತಲೆಯಿಂದ ತೆಗೆದಿದ್ದನ್ನ ನೀವು ಗಾಜಿನಿಂದ ತೆಗೆದಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ನಾಳೆಯಿಂದ ಬರಬೇಡ" ಎಂದೆ. "ಸರಿ ಅಕ್ಕ" ಎಂದು ಅವಳು ನೆಲ ಗುಡಿಸಿದಳು. ಮಾರನೇ ದಿನ ಎಂದಿನ ಹಾಗೆ ಬಂದಳು, ನಾನೂ ಎಂದಿನ ಹಾಗೆ "ಲೇಟಾಯ್ತು" ಎಂದೆ. ಆದರೆ ಅಷ್ಟರಲ್ಲಿ ನಾನು ಬಿಸಿನೀರು, ಬ್ಲೇಡು ಹಿಡಿದು ಗಾಜಿನ ಮುಂದೆ ಕೂತಾಗಿತ್ತು. ಅಂಟು ಗಟ್ಟಿಯಾಗಿತ್ತು. ಹರಿಯದ ಹಾಗೆ ಅಂಗುಲ ಅಂಗುಲವಾಗಿ ಬಿಡಿಸಿದೆ. ಚಿಂದಿ ಮಾಡಿ ಎಸೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮನೆಗೆ ತಂದು, ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಆ ಜಡೆಯ ಜೊತೆ ಇಟ್ಟೆ. ಅವಳು ಬೇಡ ಅಂದರೂ ನನಗೆ ಬೇಕಲ್ಲ.

ಗಾಜಿನಲ್ಲಿ ಫೋಟೋ ಇದ್ದ ಜಾಗ ಮಾತ್ರ ಚೌಕಾಕಾರವಾಗಿ ಫಳಫಳ ಹೊಳೆಯುತ್ತಿತ್ತು. ಸಂಜೆ ಬಸ್ಸು ಬಂತು. ನಾನು ಬಟ್ಟೆ ಹಿಡಿಯಲಿಲ್ಲ, ಸುಮ್ಮನೆ ಆ ಚೌಕದ ಹಿಂದೆ ನಿಂತೆ. ಅವಳು ಫೋನು ನೋಡುತ್ತಿದ್ದಳು. ತಲೆ ಎತ್ತಿದಳು. ಈ ಕಡೆ ನೋಡಿದಳು. ಬಸ್ಸು ಹೊರಟಾಗ ಕತ್ತು ಹಿಂದಕ್ಕೆ ತಿರುಗಿಸಿ ನೋಡಿದಳು. ಆಮೇಲೆ ಆ ವಾರವೆಲ್ಲ ಮತ್ತೆ ಮೊದಲಿನ ಹಾಗೆಯೇ ಫೋನಿನಲ್ಲಿ ಮುಖ ಹುದುಗಿಸಿಕೊಂಡು ಹೋದಳು. ನನ್ನ ಆಸೆ ಠುಸ್ ಎಂದಿತು.

ಶನಿವಾರ ಬಂತು. ನಮಗೆ ಶನಿವಾರವೆಂದರೆ ಉಸಿರಾಡಲು ಪುರುಸೊತ್ತಿಲ್ಲ. ಎರಡೂ ಕುರ್ಚಿ ಭರ್ತಿ, ಬೆಂಚಿನ ಮೇಲೆ ನಾಲ್ಕಾರು ಜನ, ನಲ್ಲಿಯ ಕೆಳಗೆ ಒಬ್ಬಾಕೆ ತಲೆ ತುಂಬ ನೊರೆ ಇಟ್ಟುಕೊಂಡು ಮಲಗಿದ್ದಾಳೆ. ತಲೆ ಎತ್ತಿ ನೋಡುತ್ತೇನೆ, ಗಾಜಿನ ಆ ಚೌಕದಲ್ಲಿ ಕಡ್ಡಿ! ಫುಟ್‌ಪಾತಿನ ಮೇಲೆ, ಬ್ಯಾಗು ಎದೆಗೆ ಅವುಚಿಕೊಂಡು ನಿಂತಿದ್ದಾಳೆ. ಬಾಚಣಿಗೆ ಹಿಡಿದುಕೊಂಡೇ ಹೊರಗೆ ಓಡಿದೆ.

"ಒಳಗೆ ಬಾರೇ, ಯಾಕೆ ಅಲ್ಲೇ ನಿಂತೆ?"

"ಬರೋ ಹಾಗಿಲ್ಲ."

"ಯಾಕೆ?"

ನೆಲ ನೋಡುತ್ತ ಹೇಳಿದಳು. "ಹೇನಾಗಿದೆ."

"ಏನಾಗಿದೆ?"

"ಹೇನು ಅಮ್ಮ. ತಲೆ ತುಂಬ. ಅತ್ತೆ ಮನೆ ಚಿಕ್ಕೋನಿಂದ ಬಂದಿರಬೇಕು. ಕೆರೆದು ಕೆರೆದು ಸಾಕಾಯ್ತು."

ನಾನು ಬಾಗಿಲಲ್ಲಿ, ಅವಳು ಫುಟ್‌ಪಾತಿನಲ್ಲಿ. ಪಕ್ಕದಲ್ಲೇ ಔಷಧಿ ಅಂಗಡಿ. ಅಂಗಡಿಯ ಕಾನೂನು ಅವಳಿಗೂ ಗೊತ್ತು. ಒಳಗಿನವರಿಗೆ ಕೇಳಿಸಿತೋ ಏನೋ ಎಂದು ಹಿಂದೆ ನೋಡಿದೆ.

"ಹೇನು ಮಾತ್ರ" ಎಂದಳು ಅವಳು, ಈಗ ನನ್ನ ಮುಖ ನೋಡಿ. "ಕತ್ತರಿ ಇಲ್ಲ."

"ಇಲ್ಲ."

"ಸುಳ್ಳು ಹೇಳ್ಬೇಡ."

ನಾನು ಏಪ್ರನ್ ಬಿಚ್ಚಿದೆ. ಜೇಬಿನಲ್ಲಿ ನನ್ನ ಕತ್ತರಿಗಳೆಲ್ಲ ಇದ್ದವು, ಎರಡನೇ ಕುರ್ಚಿ ಸಹ ಮುಟ್ಟಬಾರದಂಥವು. ಎಲ್ಲವನ್ನೂ ಸುತ್ತಿ, ಒಳಗೆ ಹೋಗಿ ಎರಡನೇ ಕುರ್ಚಿಯ ಕೈಗೇ ಕೊಟ್ಟೆ. "ಮನೆಗೆ ತಗೊಂಡು ಹೋಗು. ಸೋಮವಾರ ತಾ." ಅವಳು ಬಾಯಿ ತೆರೆದಳು, ಹೊರಗೆ ನಿಂತವಳನ್ನು ನೋಡಿ ಮುಚ್ಚಿಕೊಂಡಳು. ಬೆಂಚಿನವರ ಕಡೆ ತಿರುಗಿ ನಾನೇ ಗಟ್ಟಿಯಾಗಿ ಹೇಳಿದೆ. "ಎಲ್ಲರೂ ಕ್ಷಮಿಸಿ, ಇವತ್ತು ನೀರು ಬರ್ತಿಲ್ಲ. ಸೋಮವಾರ ಬನ್ನಿ."

"ಬರ್ತಿದೆಯಲ್ಲ?" ಎಂದಳು ನಲ್ಲಿಯ ಕೆಳಗೆ ಮಲಗಿದ್ದವಳು, ನೊರೆಯ ಒಳಗಿನಿಂದ.

"ನಿಮಗೆ ಬಂದಿದ್ದೇ ಕೊನೆ" ಎಂದಳು ಎರಡನೇ ಕುರ್ಚಿ, ಅವಳ ತಲೆಗೆ ಬಕೆಟ್ ನೀರು ಸುರಿಯುತ್ತ.

ಎಲ್ಲರೂ ಗೊಣಗಿಕೊಂಡು ಹೋದರು. ಷಟರ್ ಅರ್ಧ ಎಳೆದೆ. ಕಡ್ಡಿ ಬಗ್ಗಿ ಒಳಗೆ ಬಂದು ನನ್ನ ಕುರ್ಚಿಯಲ್ಲಿ ಕೂತಳು. ಮೂಲೆಯ ಹಲಗೆಯನ್ನು ಒಮ್ಮೆ ನೋಡಿದಳು. ಅವಳ ಹೆಗಲಿಗೆ ಬಿಳಿ ಟವೆಲ್ಲು ಹೊದಿಸಿದೆ. ಬಿದ್ದರೆ ಕಾಣಬೇಕಲ್ಲ. ಹೇನಿನ ಬಾಚಣಿಗೆ ತೊಳೆದು ತಂದೆ. ಆಮೇಲೆ, ಎಷ್ಟೋ ತಿಂಗಳ ಮೇಲೆ, ಎರಡೂ ಕೈಗಳನ್ನು ಅವಳ ತಲೆಯ ಮೇಲೆ ಇಟ್ಟೆ.

ಇಪ್ಪತ್ತು ವರ್ಷ ಕತ್ತರಿ ಹಿಡಿದ ಕೈ ಇದು, ಒಬ್ಬರ ಕಿವಿಗೂ ಗಾಯ ಮಾಡಿದ್ದಲ್ಲ. ಆದರೂ ಎಲ್ಲಿಂದ ಶುರುಮಾಡಬೇಕೆಂದು ಒಂದು ಕ್ಷಣ ತಿಳಿಯಲಿಲ್ಲ. ಬೈತಲೆ ತೆಗೆದು ಒಂದೊಂದೇ ಎಳೆ ಬಿಡಿಸಿ ನೋಡಿದೆ. ಕಿವಿಯ ಹಿಂದೆ ನೋಡಿದೆ, ಹೇನು ಮೊದಲು ಸೇರುವುದೇ ಅಲ್ಲಿ. ಏನೂ ಇಲ್ಲ. ಕುತ್ತಿಗೆಯ ಕುಳಿಯಲ್ಲಿ ನೋಡಿದೆ. ಅಲ್ಲಿ ಆ ಬಾಲ ಮತ್ತೆ ಚಿಗುರುತ್ತಿತ್ತು, ಇನ್ನೂ ಬೆರಳಿಗೆ ಸುತ್ತಲಾಗದಷ್ಟು ಗಿಡ್ಡ. ಅದನ್ನು ಹಾಗೇ ಬಿಟ್ಟು ಸುತ್ತ ಬಾಚಿದೆ. ಸೀರು ಕೂಡ ಇಲ್ಲ. ನೆತ್ತಿಯಲ್ಲಿ ಒಂದು ಕೆರೆದ ಗೆರೆಯೂ ಇಲ್ಲ. ಬಿಳಿ ಟವೆಲ್ಲಿನ ಮೇಲೆ ಒಂದು ಧೂಳಿನ ಕಣ ಸಹ ಬೀಳಲಿಲ್ಲ. ತಲೆಯಿಂದ ಶಾಂಪೂವಿನ ವಾಸನೆ ಬರುತ್ತಿತ್ತು. ಬೆಳಿಗ್ಗೆಯೇ ಚೆನ್ನಾಗಿ ತಲೆ ತೊಳೆದುಕೊಂಡು ಬಂದಿದ್ದಾಳೆ.

ಅವಳ ತಲೆಯಲ್ಲಿ ಒಂದೇ ಒಂದು ಹೇನು ಇರಲಿಲ್ಲ.

ಬಾಚಣಿಗೆ ಹಿಡಿದು ಹಾಗೇ ನಿಂತೆ. ಔಷಧಿ ಅಂಗಡಿ ದಾಟಿಕೊಂಡು ಬಂದಿದ್ದಾಳೆ ಹುಡುಗಿ. ಶನಿವಾರದ ರಶ್ಶಿನಲ್ಲಿ, ನನ್ನ ಕಾನೂನು ಗೊತ್ತಿದ್ದೂ ಬಂದಿದ್ದಾಳೆ. ಮುಟ್ಟಬೇಡ ಎಂದ ಬಾಯಿಯಿಂದ ಮುಟ್ಟು ಎಂದು ಹೇಳಲಾಗದೆ, ಇಲ್ಲದ ಹೇನನ್ನು ತಲೆಯಲ್ಲಿ ಹೊತ್ತು ಬಂದಿದ್ದಾಳೆ. ಇಲ್ಲ ಎಂದುಬಿಟ್ಟರೆ ಎದ್ದು ಹೋಗಬೇಕಾಗುತ್ತದೆ ಅವಳು. ನಾನು ಯಾಕೆ ಇಲ್ಲ ಅನ್ನಲಿ?

"ಅಯ್ಯಯ್ಯೋ, ಎಷ್ಟೊಂದಿದೆಯೇ!" ಎಂದೆ. ಎರಡು ಹೆಬ್ಬೆರಳ ಉಗುರು ಒತ್ತಿ ಕುಕ್ಕಿದೆ. ಟಕ್.

ಅವಳ ಹೆಗಲು ಸಡಿಲವಾಯಿತು. ಕಣ್ಣು ಮುಚ್ಚಿದಳು. "ಜಾಸ್ತಿನಾ?"

"ಸಂತೆಯೇ ನೆರೆದಿದೆ. ಅಲ್ಲಾಡಬೇಡ."

ಬಾಚಿದೆ, ಬಿಡಿಸಿದೆ, ಮತ್ತೆ ಬಾಚಿದೆ. ಟಕ್. ಹೊರಗೆ ಬಸ್ಸುಗಳು ಬಂದು ಹೋಗುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಮಾತು ತೆಗೆದಳು, ಕಣ್ಣು ಮುಚ್ಚಿಕೊಂಡೇ.

"ಬಸ್ಸಲ್ಲಿ ನನ್ನ ಜಡೆ ಎಳೆಯೋರು. 'ಸ್ಯಾಂಪಲ್ ಕೊಡೇ' ಅಂತ. ಒಬ್ಬ ಫೋನಲ್ಲಿ ಗಾಜಿನ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದ."

ಬಾಚಣಿಗೆ ನಿಂತಿತು. "ಯಾರು ಅವನು? ಹೆಸರು ಹೇಳು, ಅವನ ತಲೆ ಬೋಳಿಸಿ ಕಳಿಸ್ತೀನಿ."

"ಈಗ ಯಾರಾದ್ರೇನು."

"ನನಗೆ ಹೇಳಬಾರದಾಗಿತ್ತಾ?"

"ಹೇಳಿದ್ನಲ್ಲ, ಫೋಟೋ ತೆಗಿ ಅಂತ. ನೀನು ನಕ್ಕೆ."

"ನಕ್ಕಿದ್ದೆ" ಎಂದೆ. ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದೆ, ಅಳು ಬಂತು. ಮೂಗು ಏರಿಸಿಕೊಂಡು ಬಾಚತೊಡಗಿದೆ. ಅವಳು ಕಣ್ಣು ತೆರೆಯಲಿಲ್ಲ, ಆದರೆ ಟವೆಲ್ಲಿನ ಕೆಳಗಿನಿಂದ ಅವಳ ಎಡಗೈ ನಿಧಾನವಾಗಿ ಕುತ್ತಿಗೆಯ ಹಿಂದೆ ಬಂತು. ಬೆರಳುಗಳು ಆ ಗಿಡ್ಡ ಬಾಲವನ್ನು ಹುಡುಕಿದವು. ಅಲ್ಲಿ ನನ್ನ ಕೈ ಇತ್ತು. ನನ್ನ ಕಿರುಬೆರಳು ಸಿಕ್ಕಿತು ಅವಳಿಗೆ. ಅದನ್ನೇ ಹಿಡಿದು, ಒಂದು ಸುತ್ತು, ಎರಡು ಸುತ್ತು, ತಿರುವುತ್ತ ಕೂತಳು.

ಒಂದು ಕೈ ಅವಳಿಗೆ ಕೊಟ್ಟು ಇನ್ನೊಂದರಲ್ಲಿ ಎಷ್ಟು ಹೊತ್ತು ಬಾಚಿದೆನೋ ಗೊತ್ತಿಲ್ಲ. ಅವಳು ಬಿಟ್ಟ ಮೇಲೆ ಎರಡೂ ಹೆಬ್ಬೆರಳು ಸೇರಿಸಿ ಮತ್ತೆ ಕುಕ್ಕಿದೆ. ಟಕ್. ತಲೆ ಎತ್ತಿದರೆ ಕನ್ನಡಿಯಲ್ಲಿ ಅವಳ ಕಣ್ಣು ತೆರೆದಿತ್ತು. ನನ್ನ ಉಗುರುಗಳನ್ನೇ ನೋಡುತ್ತಿದ್ದಳು. ಉಗುರುಗಳ ನಡುವೆ ಏನೂ ಇರಲಿಲ್ಲ, ರಕ್ತದ ಚುಕ್ಕೆಯೂ ಇಲ್ಲ. ನಾನು ಸಿಕ್ಕಿಬಿದ್ದೆ. ಅವಳೂ ಸಿಕ್ಕಿಬಿದ್ದಳು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಅವಳ ತುಟಿಯ ಒಂದು ಕೊನೆ ಸ್ವಲ್ಪ ಅಲ್ಲಾಡಿತು. ಮತ್ತೆ ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ತಂದು ನನ್ನ ಹೊಟ್ಟೆಗೆ ಒರಗಿಸಿದಳು.

"ಇನ್ನೂ ಇದೆಯಾ, ಅಮ್ಮ?"

"ಇದೆ ಕಣೇ. ಇನ್ನೂ ತುಂಬ ಇದೆ."

"ಹಾಗಾದ್ರೆ ನಿಧಾನವಾಗಿ ತೆಗಿ" ಎಂದಳು.